ಕಿವಿ ಕೇಳದ ಕೂಸಿನ ಜೊತೆ ಆಡೋಣ ಬನ್ನಿ

ಕೇಳುಗರೆಲ್ಲರಿಗೂ ನಮಸ್ಕಾರ. ಕೊಪ್ಪಳದ ಸುತ್ತಮುತ್ತ ಕಿವಿ ಕೇಳದ ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುವವಳು ನಾನು. ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ನಿಮ್ಮ ಮನೆಯಲ್ಲಿ ಕಿವಿ ಕೇಳದ, ಅಥವಾ ಮಂದವಾಗಿ ಕೇಳುವ ಕೂಸಿದ್ದರೆ ಅದರ ಜೊತೆ ಆಡಿ. ಕಲಿಸಲು ಹೊರಡುವ ಮೊದಲು ಆಡಿ.

ಹೋದ ವರ್ಷ ಒಂದು ಹಳ್ಳಿಗೆ ಹೋಗಿದ್ದೆ. ಎರಡು ವರ್ಷದ ಹೆಣ್ಣುಮಗು. ಕಿವಿಗೆ ಹೊಸದಾಗಿ ಮಷಿನ್ ಹಾಕಿದ್ದರು. ತಾಯಿ ಒಂದು ಚಿತ್ರಪಟ ಹಿಡಿದು "ಹೇಳು, ಆಕಳು. ಹೇಳು, ಆಕಳು" ಅಂತ ಪಟ್ಟು ಹಿಡಿದು ಕೂತಿದ್ದಳು. ಪಟ ಅವಳ ಬಾಯಿಗೇ ಅಡ್ಡ. ತುಟಿಯೂ ಕಾಣದಿದ್ದರೆ ಮಗು ಏನನ್ನು ನೋಡಬೇಕು? ಮುಖ ತಿರುಗಿಸಿಬಿಟ್ಟಿತು. ಒಲೆ ಮುಂದಿದ್ದ ಅಜ್ಜಿ, "ಬಿಡವ್ವಾ, ಕೂಸಿಗೇನು ಪರೀಕ್ಷೆ ಐತೇನು?" ಅಂದು ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡರು.

ಅವರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಮಗುವಿನ ಕೈಯನ್ನು ಹಲಗೆಯ ಅಂಚಿಗೆ ಇಟ್ಟರು. ಬಡಿದಾಗ ಹಲಗೆ ಅದುರುತ್ತದಲ್ಲ, ಅದು ಆ ಪುಟ್ಟ ಅಂಗೈಗೆ ಸಿಕ್ಕಿತು. ಕಣ್ಣು ಅರಳಿತು. ಅಜ್ಜಿ ತಟ್ಟನೆ ನಿಲ್ಲಿಸಿದರು. ಹಿಟ್ಟಿನ ಕೈ ಮೇಲೆತ್ತಿ, ಹುಬ್ಬು ಏರಿಸಿ, ಸುಮ್ನೆ ಕಾದರು. ಮಗು ಹಲಗೆ ನೋಡಿತು. ಅಜ್ಜಿಯ ಮುಖ ನೋಡಿತು. ಆಗ ಟಪ್! ಕೇಕೆ ಹಾಕಿ ನಕ್ಕಿತು. ಮತ್ತೆ ನಿಲ್ಲಿಸಿದರು, ಮತ್ತೆ ಕಾದರು. ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ಮಗು ತಾನೇ ಕೈ ಎತ್ತಿ ಗಾಳಿಯಲ್ಲಿ ತಟ್ಟಿ ತೋರಿಸಿತು. ಇನ್ನೊಂದು ಸಲ ಬಡಿ ಅಂತ! ಅದು ಮಾತಲ್ವಾ? ಹೆಂಚಿನ ಮೇಲಿದ್ದ ರೊಟ್ಟಿ ಸೀದು ಕರ್ರಗಾಯಿತು, ಯಾರೂ ನೋಡಲಿಲ್ಲ. ತಾಯಿ ಅಳುತ್ತಿದ್ದಳು. ನನ್ನ ಕಣ್ಣಲ್ಲೂ ನೀರು.

ಅಜ್ಜಿ ಕಾದರಲ್ಲ, ಅದನ್ನು ಗಮನಿಸಿ. ಕೇಳುವ ಮಗು ಗೊಂಬೆ ನೋಡುತ್ತಲೇ ನಿಮ್ಮ ಮಾತೂ ಕೇಳಿಸಿಕೊಳ್ಳುತ್ತದೆ. ಕೇಳದ ಮಗು ಒಮ್ಮೆ ಗೊಂಬೆ, ಒಮ್ಮೆ ನಿಮ್ಮ ಮುಖ ನೋಡಬೇಕು. ಅವಸರ ಮಾಡಬೇಡಿ. ನಮ್ಮ ಕಿನ್ನಾಳದ ಗೊಂಬೆಯೇ ಇರಲಿ, ಗಲ್ಲದ ಹತ್ತಿರ ಹಿಡಿಯಿರಿ. ಎರಡೂ ಒಟ್ಟಿಗೆ ಕಾಣುತ್ತವೆ.

ಕೈಸನ್ನೆ ಮಾಡಿದರೆ ಮಾತು ಬರುವುದಿಲ್ಲ ಅಂತ ಇನ್ನೂ ಹೆದರಿಸುವವರಿದ್ದಾರೆ. ದಯವಿಟ್ಟು ನಂಬಬೇಡಿ. ಸನ್ನೆ ಭಾಷೆ ನೋಡಿ ಬೆಳೆಯುವ ಕೂಸುಗಳು ಕೈಯಲ್ಲೇ ತೊದಲುತ್ತವೆ, ಬೇರೆ ಕೂಸುಗಳು ಬಾ ಬಾ ಅಂದ ಹಾಗೆ.

ಇನ್ನು ಪರೀಕ್ಷೆಯ ವಿಷಯ, ಬೇಗ ಹೇಳಿಬಿಡುತ್ತೇನೆ. ಹುಟ್ಟಿದ 1 ತಿಂಗಳೊಳಗೆ ಕಿವಿ ಪರೀಕ್ಷೆ ಆಗಬೇಕು. ತೊಂದರೆ ಇದ್ದರೆ 3 ತಿಂಗಳೊಳಗೆ ಖಚಿತವಾಗಬೇಕು, 6 ತಿಂಗಳೊಳಗೆ ಮಷಿನ್, ತರಬೇತಿ ಶುರುವಾಗಬೇಕು. ತಟ್ಟೆ ಬಡಿದೆವು, ಮಗು ತಿರುಗಿತು ಅಂತ ಸುಮ್ಮನಾಗಬೇಡಿ. ಅದು ನೆಲದ ಅದುರಿಗೂ ತಿರುಗುತ್ತದೆ, ನಿಮ್ಮ ನೆರಳಿಗೂ ತಿರುಗುತ್ತದೆ. ಮಕ್ಕಳನ್ನು ತಪಾಸಣೆ ಮಾಡುವ ತಂಡ ಅಂಗನವಾಡಿಗೆ ವರ್ಷಕ್ಕೆ 2 ಸಲ ಬರುತ್ತದೆ. ಅದಕ್ಕೂ ಕಾಯಬೇಡಿ, ಅನುಮಾನ ಬಂದ ಕೂಡಲೇ ಜಿಲ್ಲಾ ಆಸ್ಪತ್ರೆಗೆ ಬನ್ನಿ. ಬರುವಾಗ ಕೂಸಿಗೆ ಇಷ್ಟವಾದ ಆಟದ ಸಾಮಾನನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಡಬ್ಬಿಯ ಮುಚ್ಚಳವಾದರೂ ಸರಿ.