ಕಿತ್ತ ಹಲ್ಲಿನ ಜಾಗಕ್ಕೆ ಯಾವ ಹಲ್ಲು?

ಕೇಳುಗರಿಗೆ ನಮಸ್ಕಾರ.

ದವಡೆ ಹಲ್ಲೊಂದನ್ನು ಕೀಳಿಸಿದ ಮೇಲೆ ನೋವು ನಿಲ್ಲುತ್ತದೆ, ನಕ್ಕರೂ ಆ ಸಂದು ಯಾರಿಗೂ ಕಾಣುವುದಿಲ್ಲ. ಹಾಗಾಗಿ ಹೆಚ್ಚಿನವರು ಅದನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಹಿಂದಿನ ಹಲ್ಲು ನಿಧಾನವಾಗಿ ಖಾಲಿ ಜಾಗಕ್ಕೆ ವಾಲುತ್ತದೆ, ಎದುರು ಸಾಲಿನ ಹಲ್ಲು ತಡೆಯಿಲ್ಲದೆ ಹೊರಗೆ ಬೆಳೆದು ಬರುತ್ತದೆ. ಮೊದಲ ವರ್ಷದಲ್ಲೇ ಅಲ್ಲಿನ ಮೂಳೆಯ ಅಗಲ ಅರ್ಧದಷ್ಟು ಸವೆಯಬಹುದು. ತೀರಾ ತಡವಾಗಿ ಬಂದರೆ ಹೊಸ ಹಲ್ಲು ಕೂರಿಸಲು ಜಾಗವೂ ಸಾಲದು, ಮೂಳೆಯೂ ಸಾಲದು. ಬುದ್ಧಿಹಲ್ಲಿಗೆ ಮಾತ್ರ ಈ ಚಿಂತೆ ಬೇಡ. ಅದಕ್ಕೆ ಬದಲಿ ಹಲ್ಲು ಬೇಕಿಲ್ಲ.

ಹಲ್ಲು ಕಟ್ಟಿಸಲು ಮುಖ್ಯವಾಗಿ ಮೂರು ದಾರಿ: ತೆಗೆದು ಹಾಕುವ ಹಲ್ಲು, ಬ್ರಿಡ್ಜ್, ಇಂಪ್ಲಾಂಟ್. ದರ ವಿಚಾರಿಸುವ ಮೊದಲು, ಅಕ್ಕಪಕ್ಕದ ಎರಡು ಹಲ್ಲುಗಳು ಹೇಗಿವೆ ಎಂದು ವೈದ್ಯರನ್ನು ಕೇಳಿ.

ಏಕೆಂದರೆ ಬ್ರಿಡ್ಜ್ ನಿಲ್ಲುವುದು ಆ ಎರಡರ ಮೇಲೆ. ಅವನ್ನು ಸುತ್ತಲೂ ತೇಯಬೇಕು. ಕಚ್ಚುವ ಭಾಗದಲ್ಲಿ ಒಂದೂವರೆಯಿಂದ 2 ಮಿಲಿಮೀಟರ್ ಹೋಗುತ್ತದೆ. ಅಳತೆ ಲ್ಯಾಬಿಗೆ ಹೋಗಿ, ಒಟ್ಟಿಗೆ ಬೆಸೆದ ಮೂರು ಹಲ್ಲು ತಯಾರಾಗಿ ಬರುತ್ತವೆ. ಪಕ್ಕದ ಹಲ್ಲುಗಳಲ್ಲಿ ಈಗಾಗಲೇ ದೊಡ್ಡ ಫಿಲ್ಲಿಂಗ್ ಇದ್ದು ಹೇಗೂ ಕ್ಯಾಪ್ ಬೇಕಿದ್ದರೆ ಬ್ರಿಡ್ಜ್ ಹಾಕಿಸುವುದೇ ಸರಿ. ಹುಳುಕಿನ ಚುಕ್ಕೆಯೂ ಇಲ್ಲದ ಹಲ್ಲುಗಳಾದರೆ ತೇಯಿಸಲು ಅವಸರಪಡಬೇಡಿ, ತೇಯ್ದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಬ್ರಿಡ್ಜ್ ಕೆಡುವುದು ಬಹಳ ಸಲ ಕ್ಯಾಪಿನ ಅಂಚಿಗೆ ಹುಳುಕು ಹಿಡಿದು. ನಡುವಿನ ಹಲ್ಲಿನ ಅಡಿ ಅನ್ನದ ಅಗುಳು ಸಿಕ್ಕಿಕೊಳ್ಳುತ್ತದೆ, ಅಲ್ಲಿಗೆ ಬ್ರಷ್ ಹೋಗದು. ಮೂರೂ ಬೆಸೆದಿರುವುದರಿಂದ ಫ್ಲಾಸ್ ದಾರವೂ ಮೇಲಿನಿಂದ ಇಳಿಯದು. ಗಟ್ಟಿ ತುದಿಯಿರುವ ಸೂಪರ್‌ಫ್ಲಾಸ್ ತಂದು, ಕೆನ್ನೆಯ ಕಡೆಯಿಂದ ಅಡಿಗೆ ತೂರಿಸಿ, ದಿನಕ್ಕೊಮ್ಮೆ ಹಿಂದೆ ಮುಂದೆ ಎಳೆಯಿರಿ.

ಪಕ್ಕದ ಹಲ್ಲುಗಳು ಚೆನ್ನಾಗಿದ್ದು ಮೂಳೆಯೂ ಇದ್ದರೆ ಇಂಪ್ಲಾಂಟ್ ಮೇಲು. ಇದು ಮೂಳೆಯೊಳಗೆ ಕೂರುವ ಟೈಟಾನಿಯಂ ಸ್ಕ್ರೂ. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಅಳವಡಿಸಿದ ವಿಧಾನವೇ ಇಂದಿನದಕ್ಕೆ ತಳಹದಿ. ದವಡೆ ಹಲ್ಲಿಗೆ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಆಸುಪಾಸಿನ ಉದ್ದ. ಕೆಳದವಡೆಯಲ್ಲಿ ತುಟಿಗೆ ಹೋಗುವ ನರವಿದೆ; ಅದರಿಂದ 2 ಮಿಲಿಮೀಟರ್ ದೂರ ಉಳಿಯದಿದ್ದರೆ ತುಟಿ ಮರಗಟ್ಟುವ ಅಪಾಯ. ಆದ್ದರಿಂದಲೇ ಮೊದಲು ಸಿಬಿಸಿಟಿ, ಅಂದರೆ ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಎಕ್ಸ್‌ರೇ ಸ್ಕ್ಯಾನ್. ಮೂಳೆ ಕೊರೆಯುವಾಗ ಸಲೈನ್ ಸುರಿಯುತ್ತಲೇ ಇರಬೇಕು. 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಗುಲಿದರೂ ಮೂಳೆಗೆ ಪೆಟ್ಟು, ಆಮೇಲೆ ಸ್ಕ್ರೂ ಹಿಡಿದುಕೊಳ್ಳದೇ ಹೋಗಬಹುದು. ಕೆಳದವಡೆಯಲ್ಲಿ ಮೂಳೆ ಬೆಸೆಯಲು ಸುಮಾರು 3 ತಿಂಗಳು. ಮೇಲ್ದವಡೆಯ ಮೂಳೆ ಮೃದು, ಅಲ್ಲಿ ಇನ್ನೂ ಹೆಚ್ಚು. ಆನಂತರವೇ ಕ್ಯಾಪ್.

ಬೀಡಿ, ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇಂಪ್ಲಾಂಟಿಗೆ ದೊಡ್ಡ ಶತ್ರುಗಳು. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ಪಡೆಯುತ್ತಿದ್ದರೆ ಮೊದಲೇ ಹೇಳಿ; ಇಂಥ ಕೆಲವು ಔಷಧಿಗಳಿಂದ ದವಡೆಯ ಗಾಯ ಮಾಯದೇ ಉಳಿಯಬಹುದು. ಇಂಪ್ಲಾಂಟಿಗೆ ಹುಳುಕು ಹಿಡಿಯದು, ಆದರೆ ಸುತ್ತಲಿನ ಮೂಳೆ ಕರಗಬಹುದು, ಅದೂ ಬಹುತೇಕ ನೋವೇ ಇಲ್ಲದೆ. ಉಜ್ಜುವಾಗ ಅಲ್ಲಿ ರಕ್ತ ಕಂಡರೆ ತಡಮಾಡಬೇಡಿ.

ತೆಗೆದು ಹಾಕುವ ಹಲ್ಲು ಎಲ್ಲಕ್ಕಿಂತ ಅಗ್ಗ, ಕೆಲವೇ ದಿನಗಳಲ್ಲಿ ಕೈಸೇರುತ್ತದೆ. ಇಂಪ್ಲಾಂಟ್ ಮಾಯುವವರೆಗೆ ತಾತ್ಕಾಲಿಕವಾಗಿಯೂ ಆಗುತ್ತದೆ. ರಾತ್ರಿ ತೆಗೆದು ತಣ್ಣೀರಿನಲ್ಲಿಡಿ. ಬಿಸಿನೀರಿಗೆ ಹಾಕಿದರೆ ಆಕಾರ ಕೆಡುತ್ತದೆ. ಒಂದೇ ಹಲ್ಲಿನ ಚಿಕ್ಕ ಸೆಟ್ಟಿನ ಹಿಡಿತ ಸಡಿಲವಾದರೆ, ಇನ್ನೂ ಕೆಲವು ದಿನ ನಡೆಯುತ್ತದೆ ಎಂದು ದಯವಿಟ್ಟು ಬಳಸಬೇಡಿ. ತೆಗೆಯಲು ಮರೆತು ಮಲಗಿದರೆ ನಿದ್ದೆಯಲ್ಲಿ ಅದು ಅನ್ನನಾಳಕ್ಕೋ ಶ್ವಾಸನಾಳಕ್ಕೋ ಜಾರಬಹುದು. ಬರೀ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನದಾದರೆ ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣದು, ಹುಡುಕುವುದೇ ಕಷ್ಟ. ಸಡಿಲವಾದ ದಿನವೇ ಬಿಗಿ ಮಾಡಿಸಿ, ಇಲ್ಲವೇ ಹೊಸದು ಮಾಡಿಸಿ.

ನಮಸ್ಕಾರ.