ಎರಡು ಸರಾಸರಿಗಳನ್ನು ಹೋಲಿಸುವಾಗ

ಕೇಳುಗರಿಗೆ ನಮಸ್ಕಾರ. ಎರಡು ಔಷಧ, ಎರಡು ಭತ್ತದ ತಳಿ, ಎರಡು ಬೋಧನಾ ಕ್ರಮ, ಯಾವುದನ್ನೇ ಹೋಲಿಸಿದರೂ ವರದಿಯಲ್ಲಿ ಎರಡು ಸರಾಸರಿ ಇರುತ್ತವೆ. ಒಂದೊಂದರ ಮೇಲೂ ಕೆಳಗೂ ಚಾಚಿದ ಗೆರೆ ಇರುತ್ತದೆ. ಸಾಮಾನ್ಯವಾಗಿ ಆ ಗೆರೆ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಸರಾಸರಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಅಂದಾಜು. ನಾವು ವಿಶ್ವಾಸ ವ್ಯಾಪ್ತಿ ಎನ್ನೋಣ. ಎರಡು ಗೆರೆಗಳು ಒಂದರ ಮಟ್ಟಕ್ಕೆ ಇನ್ನೊಂದು ಬಂದರೆ ಸಾಕು, 'ವ್ಯತ್ಯಾಸವೇ ಇಲ್ಲ' ಎಂದು ತೀರ್ಪು ಕೊಟ್ಟುಬಿಡುವವರು ಬಹಳ. ಆ ತೀರ್ಪು ಎಲ್ಲಿ ಎಡವುತ್ತದೆ ಎಂದು ಒಂದು ಹಳೆಯ ಅಂಕಿಪಟ್ಟಿ ಹಿಡಿದು ನೋಡೋಣ. ಕೈಗೆ ಕಾಗದ, ಪೆನ್ನು ಸಿಕ್ಕರೆ ತೆಗೆದುಕೊಳ್ಳಿ.

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಮಾನಸಿಕ ಆಸ್ಪತ್ರೆಯ ರೋಗಿಗಳಿಗೆ ನಿದ್ರೆ ಔಷಧಗಳನ್ನು ಕೊಟ್ಟು ಪಡೆದ ಫಲಿತಾಂಶವನ್ನು ಕುಶ್ನಿ ಮತ್ತು ಪೀಬಲ್ಸ್ 1905ರಲ್ಲಿ ಪ್ರಕಟಿಸಿದರು. ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಅದೇ ಅಂಕಿಗಳನ್ನು ಬಳಸಿದರು. ರೋಗಿಗಳು ಹತ್ತು ಮಂದಿ. ಔಷಧವಿಲ್ಲದ ರಾತ್ರಿಗಳಿಗಿಂತ ಎಷ್ಟು ಗಂಟೆ ಹೆಚ್ಚು ನಿದ್ರೆ ಬಂತು ಎಂಬುದು ಲೆಕ್ಕ. ಮೊದಲ ಔಷಧದ ಸರಾಸರಿ 0.75 ಗಂಟೆ, ಎರಡನೆಯದರದ್ದು 2.33 ಗಂಟೆ.

ಮೊದಲ ಔಷಧಕ್ಕೆ ಶೇಕಡ 95ರ ವ್ಯಾಪ್ತಿ ಕಟ್ಟೋಣ. ಹತ್ತು ಅಂಕಿಗಳ ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, 1.79. ಅದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ 0.566, ಇದು ಸ್ಟ್ಯಾಂಡರ್ಡ್ ಎರರ್, ಅಂದರೆ ಸರಾಸರಿಯೇ ಎಷ್ಟು ಅತ್ತಿತ್ತ ಆಗಬಹುದು ಎಂಬ ಅಳತೆ. ಇದನ್ನು 2.262ರಿಂದ ಗುಣಿಸಬೇಕು; ಹತ್ತು ಅಂಕಿಗಳಿಗೆ ಸ್ಟೂಡೆಂಟ್ ಹೆಸರಿನ ಟಿ-ಪಟ್ಟಿ ಕೊಡುವ ಗುಣಕ ಅದು. ಅನೇಕರು ಅಭ್ಯಾಸಬಲದಿಂದ ದೊಡ್ಡ ಮಾದರಿಗಳ ಗುಣಕವಾದ 1.96 ಹಾಕುತ್ತಾರೆ. ಹತ್ತೇ ಜನರ ಮಾದರಿಗೆ ಅದು ಸಾಲದು, ವ್ಯಾಪ್ತಿ ಸುಳ್ಳುಸುಳ್ಳೇ ಕಿರಿದಾಗುತ್ತದೆ. ಸರಿಯಾದ ಗುಣಕದಿಂದ ಬರುವುದು 1.28. ಆದ್ದರಿಂದ ವ್ಯಾಪ್ತಿ ಮೈನಸ್ 0.53ರಿಂದ 2.03. ಎರಡನೆಯ ಔಷಧಕ್ಕೆ ಹೀಗೇ ಮಾಡಿದರೆ ಸ್ಟ್ಯಾಂಡರ್ಡ್ ಎರರ್ 0.633, ವ್ಯಾಪ್ತಿ 0.90ರಿಂದ 3.76.

ಇಲ್ಲಿ ಒಂದು ಮಾತು. ಶೇಕಡ 95 ಎಂದರೆ ನೂರರಲ್ಲಿ 95 ರೋಗಿಗಳು ಈ ಗೆರೆಯೊಳಗೆ ಇರುತ್ತಾರೆ ಎಂದಲ್ಲ. ಮೊದಲ ಔಷಧದ ಹತ್ತು ರೋಗಿಗಳಲ್ಲಿ ನಾಲ್ವರು ಹೊರಗಿದ್ದಾರೆ! ವ್ಯಾಪ್ತಿ ಇರುವುದು ಸರಾಸರಿಗೆ. ಇದೇ ಕ್ರಮದಲ್ಲಿ ಮತ್ತೆ ಮತ್ತೆ ಮಾದರಿ ತೆಗೆದು ವ್ಯಾಪ್ತಿ ಕಟ್ಟುತ್ತ ಹೋದರೆ, ನೂರಕ್ಕೆ ಸುಮಾರು 95 ಸಲ ನಿಜವಾದ ಸರಾಸರಿ ಅದರೊಳಗೆ ಸಿಗುತ್ತದೆ. ಸಂಖ್ಯಾಶಾಸ್ತ್ರಜ್ಞ ನೇಮನ್ 1937ರಲ್ಲಿ ವಿವರಿಸಿದ ಅರ್ಥ ಇದೇ.

ಈಗ ಹೋಲಿಕೆಗೆ ಬರೋಣ. 0.90ರಿಂದ 2.03ರವರೆಗಿನ ಭಾಗ ಎರಡೂ ಗೆರೆಗಳಿಗೆ ಸೇರಿದೆ. ಹಾಗಾದರೆ ಔಷಧಗಳು ಸಮವೇ? ಹಾಗೆ ಹೇಳಲು ಬರುವುದಿಲ್ಲ. ನಾವು ಕೇಳಬೇಕಾದದ್ದು ವ್ಯತ್ಯಾಸದ ವ್ಯಾಪ್ತಿಯನ್ನು. ಎರಡು ಗುಂಪಿನಲ್ಲೂ ಬೇರೆ ಬೇರೆ ಜನರಿದ್ದರೆ ಎರಡು ಸ್ಟ್ಯಾಂಡರ್ಡ್ ಎರರ್‌ಗಳನ್ನು ನೇರವಾಗಿ ಕೂಡಿಸುವುದಿಲ್ಲ. ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯುತ್ತೇವೆ. 0.566 ಮತ್ತು 0.633 ನೇರ ಕೂಡಿದರೆ 1.2, ಸರಿಯಾಗಿ ಕೂಡಿದರೆ 0.85. ಗೆರೆಗಳನ್ನು ಕಣ್ಣಲ್ಲೇ ಹೋಲಿಸುವವರು ತಮಗೇ ತಿಳಿಯದೆ ದೊಡ್ಡ ಅಂಕಿಯನ್ನು ಬಳಸಿರುತ್ತಾರೆ. ಹೀಗಾಗಿ ಶೇಕಡ 95ರ ಗೆರೆಗಳು ಪರಸ್ಪರ ಮುಟ್ಟದಿದ್ದರೆ ವ್ಯತ್ಯಾಸವಿದೆ ಎಂದು ಧೈರ್ಯವಾಗಿ ಹೇಳಬಹುದು; ಮುಟ್ಟಿದರೆ ಮಾತ್ರ ಲೆಕ್ಕ ಮಾಡದೆ ಏನನ್ನೂ ಹೇಳಬಾರದು.

ಆದರೆ ಕಲಮಜೂದಲ್ಲಿ ಗುಂಪುಗಳು ಬೇರೆ ಬೇರೆ ಆಗಿರಲಿಲ್ಲ. ಎರಡೂ ಔಷಧ ಪಡೆದವರು ಅದೇ ಹತ್ತು ಮಂದಿ. ಇದನ್ನು ಮರೆತು ಬೇರೆ ಗುಂಪುಗಳೆಂದು ಲೆಕ್ಕ ಹಾಕಿದರೆ ವ್ಯತ್ಯಾಸದ ವ್ಯಾಪ್ತಿ ಮೈನಸ್ 0.2ರಿಂದ ಸುಮಾರು 3.4. ಸೊನ್ನೆ ಒಳಗೇ ಇದೆ, ಅಂದರೆ ವ್ಯತ್ಯಾಸ ಇಲ್ಲದೆಯೂ ಇರಬಹುದು, ಏನೂ ತೀರ್ಮಾನವಾಗದು. ಈಗ ಒಬ್ಬೊಬ್ಬರನ್ನೇ ನೋಡಿ. ಆರನೆಯ ರೋಗಿಗೆ 3.4 ಮತ್ತು 4.4 ಗಂಟೆ. ಏಳನೆಯವರಿಗೆ 3.7 ಮತ್ತು 5.5. ಒಂದು ಔಷಧಕ್ಕೆ ಚೆನ್ನಾಗಿ ನಿದ್ರಿಸಿದವರು ಸಾಮಾನ್ಯವಾಗಿ ಇನ್ನೊಂದಕ್ಕೂ ಚೆನ್ನಾಗಿಯೇ ನಿದ್ರಿಸಿದ್ದಾರೆ. ಗೆರೆಗಳನ್ನು ಉದ್ದ ಮಾಡಿದ್ದು ಬಹುಮಟ್ಟಿಗೆ ಮನುಷ್ಯ ಮನುಷ್ಯನ ನಡುವಿನ ಈ ಹೆಚ್ಚುಕಡಿಮೆ. ಪ್ರತಿಯೊಬ್ಬರ ಎರಡನೆಯ ಅಂಕಿಯಿಂದ ಮೊದಲನೆಯದನ್ನು ಕಳೆದರೆ ಅದು ತಾನಾಗಿ ಹೊರಟುಹೋಗುತ್ತದೆ. ಉಳಿದ ಹತ್ತು ವ್ಯತ್ಯಾಸಗಳ ಸರಾಸರಿ 1.58, ಸ್ಟ್ಯಾಂಡರ್ಡ್ ಎರರ್ 0.39, ವ್ಯಾಪ್ತಿ 0.70ರಿಂದ 2.46. ಸೊನ್ನೆ ಹೊರಗೆ ಬಿತ್ತು. ಅಂಕಿಗಳು ಅವೇ, ಬದಲಾದದ್ದು ಪ್ರಯೋಗ ನಡೆದ ರೀತಿಗೆ ತಕ್ಕ ಲೆಕ್ಕ.

ಸೊನ್ನೆ ಒಳಗೋ ಹೊರಗೋ ಎಂದು ನೋಡಿ ಪುಟ ಮಗುಚಬೇಡಿ. 0.70 ಗಂಟೆ ಎಂದರೆ 42 ನಿಮಿಷ, 2.46 ಎಂದರೆ ಸುಮಾರು ಎರಡೂವರೆ ಗಂಟೆ. 42 ನಿಮಿಷದ ನಿದ್ರೆಗಾಗಿ ಔಷಧ ಬದಲಿಸಬೇಕೇ ಎಂಬುದು ವೈದ್ಯರು ನಿರ್ಧರಿಸುವ ಪ್ರಶ್ನೆ. ಆ ಪ್ರಶ್ನೆ ಕೇಳಲು ಆಸ್ಪದ ಕೊಡುವುದೇ ವ್ಯಾಪ್ತಿಯ ದೊಡ್ಡ ಉಪಕಾರ. ಇನ್ನು, ಗೆರೆ ಯಾವುದರದ್ದು ಎಂದು ಚಿತ್ರದ ಅಡಿಬರಹದಲ್ಲಿ ಓದಿಕೊಳ್ಳಿ. ಅದು ಬರೀ ಸ್ಟ್ಯಾಂಡರ್ಡ್ ಎರರ್ ಆಗಿದ್ದರೆ ವಿಶ್ವಾಸ ವ್ಯಾಪ್ತಿಯ ಅರ್ಧಕ್ಕೂ ಕಡಿಮೆ ಇರಬಹುದು, ನಮ್ಮ ಈ ಉದಾಹರಣೆಯಲ್ಲಂತೂ ಹಾಗೆಯೇ.

ಒಂಬತ್ತನೆಯ ರೋಗಿಯನ್ನೂ ಬಿಡದೆ ನೋಡಬೇಕು. ಅವರೊಬ್ಬರ ವ್ಯತ್ಯಾಸವೇ 4.6 ಗಂಟೆ, ಉಳಿದ ಯಾರದ್ದೂ 2.4 ದಾಟಿಲ್ಲ. ದೂರ ನಿಂತ ಅಂಕಿಯನ್ನು ಸುಮ್ಮನೆ ಕಿತ್ತುಹಾಕುವುದು ತಪ್ಪು. ಪರೀಕ್ಷೆಗೆಂದು ಅದನ್ನು ಬಿಟ್ಟು ಲೆಕ್ಕ ಹಾಕಿದರೆ ವ್ಯಾಪ್ತಿ 0.74ರಿಂದ 1.75 ಆಗುತ್ತದೆ. ಕೆಳತುದಿ ಹೆಚ್ಚುಕಡಿಮೆ ಅಲ್ಲೇ ಉಳಿಯಿತು, ಮೇಲ್ತುದಿ ಮುಕ್ಕಾಲು ಗಂಟೆಯಷ್ಟು ಇಳಿಯಿತು. ಎರಡನೆಯ ಔಷಧ ಮೇಲು ಎಂಬ ಮಾತು ಒಬ್ಬ ರೋಗಿಯ ಮೇಲೆ ನಿಂತಿಲ್ಲ. ಎರಡೂವರೆ ಗಂಟೆಯಷ್ಟು ಮೇಲಿರಬಹುದು ಎಂಬ ಮಾತು ಅವರೊಬ್ಬರ ಮೇಲೆಯೇ ನಿಂತಿದೆ.