ಕೆಟ್ಟ ಮಾಟಗಾತಿ ಮಾಡಿದ್ದೇನು?

ಎಲ್ಲರಿಗೂ ಶರಣು. ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುವ ಮಾಸ್ತರರು, ಟೀಚರ್‌ಗಳೇ ಇವತ್ತು ಜಾಸ್ತಿ ಬಂದಿದ್ದೀರಿ. ಹಾಗಾಗಿ ಸಿದ್ಧಾಂತದ ಗೊಡವೆ ಬೇಡ, ನೇರವಾಗಿ ಕಥೆಗೇ ಹೋಗೋಣ. ನನ್ನದು ಒಂದೇ ತಕರಾರು. ಕಥೆಯಲ್ಲಿ ಒಬ್ಬಳನ್ನು ಕೆಟ್ಟ ಮಾಟಗಾತಿ ಅಂದರೆ ನಾವು ತಕ್ಷಣ ನಂಬುತ್ತೇವೆ. ಅವಳು ಮಾಡಿದ್ದೇನು ಅಂತ ಕೇಳುವುದೇ ಇಲ್ಲ.

1900ರಲ್ಲಿ ಅಮೆರಿಕದ ಎಲ್. ಫ್ರಾಂಕ್ ಬಾಮ್ 'ದಿ ವಂಡರ್‌ಫುಲ್ ವಿಝರ್ಡ್ ಆಫ್ ಆಝ್' ಬರೆದರು. ಆಝ್ ದೇಶದಲ್ಲಿ ನಾಲ್ಕು ದಿಕ್ಕಿಗೆ ನಾಲ್ವರು ಮಾಟಗಾತಿಯರು. ಉತ್ತರ, ದಕ್ಷಿಣದವರು ಒಳ್ಳೆಯವರು. ಪೂರ್ವ, ಪಶ್ಚಿಮದವರು ಕೆಟ್ಟವರು. ಕ್ಯಾನ್ಸಸ್‌ನ ಹುಡುಗಿ ಡೊರೊಥಿ ಸುಂಟರಗಾಳಿಗೆ ಸಿಕ್ಕಿ ಮನೆ ಸಮೇತ ಹಾರಿ ಬಂದು ಬೀಳುತ್ತಾಳೆ, ಮನೆ ಪೂರ್ವದ ಮಾಟಗಾತಿಯ ಮೇಲೆಯೇ ಕೂತು ಅವಳು ಸಾಯುತ್ತಾಳೆ. ಆಗ ಒಬ್ಬ ಪುಟ್ಟ ಅಜ್ಜಿ ಬರುತ್ತಾಳೆ. ಮುಖ ತುಂಬ ಸುಕ್ಕು, ಹೆಚ್ಚುಕಮ್ಮಿ ಬೆಳ್ಳಗಾದ ಕೂದಲು, ನಡಿಗೆಯೂ ಬಿಗಿ. ನಾನು ಮಾಟಗಾತಿ ಅನ್ನುತ್ತಾಳೆ. ಹುಡುಗಿಗೆ ಆಶ್ಚರ್ಯ, ಮಾಟಗಾತಿಯರೆಲ್ಲ ಕೆಟ್ಟವರು ಅಂದುಕೊಂಡಿದ್ದೆನಲ್ಲ ಅಂತ. ಬೇರೆ ಕಥೆಗಳಲ್ಲಿ ಮಕ್ಕಳನ್ನು ಒಲೆಗೆ ಹಾಕುವ ಮುದುಕಿಗೆ ಇರುವ ಮುಖವೇ ಇದು, ಆದರೆ ಇಲ್ಲಿ ಇವಳು ಒಳ್ಳೆಯವಳು. ಹುಡುಗಿಯ ಹಣೆಗೆ ಮುತ್ತು ಕೊಟ್ಟು ಕಳಿಸುತ್ತಾಳೆ, ಆ ಗುರುತು ಇರುವ ತನಕ ಯಾರೂ ಅವಳಿಗೆ ಕೇಡು ಮಾಡುವ ಹಾಗಿಲ್ಲ.

1939ರ ಸಿನಿಮಾದಲ್ಲಿ ಏನಾಯಿತು ನೋಡಿ. ಈ ಅಜ್ಜಿಯನ್ನು ತೆಗೆದೇ ಹಾಕಿದರು. ಉತ್ತರ, ದಕ್ಷಿಣ ಇಬ್ಬರನ್ನೂ ಸೇರಿಸಿ ಗ್ಲಿಂಡಾ ಎಂಬ ಒಬ್ಬಳನ್ನೇ ಮಾಡಿದರು, ಹೊಳೆಯುವ ಗೌನು, ಕಿರೀಟ, ಗುಳ್ಳೆಯೊಳಗೆ ಕೂತು ಇಳಿದು ಬರುವುದು. ಕೆಟ್ಟ ಮಾಟಗಾತಿಯರು ಮಾತ್ರ ಕುರೂಪಿಗಳು ಅಂತ ಅವಳ ಬಾಯಲ್ಲೇ ಹೇಳಿಸಿದರು! ಪುಸ್ತಕ ಬಿಡಿಸಿದ್ದ ಗಂಟನ್ನು ಸಿನಿಮಾ ಮತ್ತೆ ಹಾಕಿತು. ಪಶ್ಚಿಮದವಳಿಗೆ ಹಸಿರು ಚರ್ಮ ಬಂದದ್ದೂ ಅಲ್ಲಿಂದಲೇ. ಪುಸ್ತಕದಲ್ಲಿ ಅವಳು ಹಸಿರಲ್ಲ, ಒಂದೇ ಕಣ್ಣಿನವಳು, ಆ ಕಣ್ಣೋ ದುರ್ಬೀನಿನಷ್ಟು ಚುರುಕು. ಇನ್ನೊಂದು ಎಡವಟ್ಟೂ ಆಯಿತು. ಪುಸ್ತಕದಲ್ಲಿ ಸತ್ತ ಪೂರ್ವದವಳ ಬೆಳ್ಳಿ ಬೂಟುಗಳು ಡೊರೊಥಿಗೆ ಸಿಗುತ್ತವೆ, ಅವಳನ್ನು ಊರಿಗೆ ಮುಟ್ಟಿಸುವ ಶಕ್ತಿ ಅವಕ್ಕಿದೆ. ಉತ್ತರದ ಅಜ್ಜಿಗೆ ಆ ಶಕ್ತಿ ಗೊತ್ತೇ ಇರುವುದಿಲ್ಲ, ಗ್ಲಿಂಡಾ ಕೊನೆಗೆ ಸಿಕ್ಕಾಗ ಹೇಳುತ್ತಾಳೆ. ಸಿನಿಮಾದಲ್ಲಿ ಇಬ್ಬರೂ ಒಬ್ಬಳೇ ಆದ್ದರಿಂದ ಮೊದಲ ದಿನವೇ ಎಲ್ಲ ಗೊತ್ತಿದ್ದೂ ಹುಡುಗಿಯನ್ನು ದೇಶ ಪೂರ್ತಿ ಅಲೆಸಿದ ಹಾಗಾಯಿತು. ಒಳ್ಳೆಯವಳಂತೆ!

ಬಾಮ್‌ಗೆ ಈ ಯೋಚನೆ ಎಲ್ಲಿಂದ ಬಂತು? ಅವರ ಅತ್ತೆ, ಅಂದರೆ ಹೆಂಡತಿಯ ತಾಯಿ, ಮಟಿಲ್ಡಾ ಜಾಸ್ಲಿನ್ ಗೇಜ್. ಮಹಿಳೆಯರ ಮತದಾನದ ಹಕ್ಕಿಗೆ ಹೋರಾಡಿದವರು. 1893ರಲ್ಲಿ ಹೆಂಗಸು, ಚರ್ಚು, ರಾಜ್ಯ ಈ ಮೂರರ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದು, ಮಾಟಗಾತಿ ಎಂದು ಹೆಸರಿಟ್ಟು ಯುರೋಪಿನಲ್ಲಿ ಹೆಂಗಸರನ್ನು ಹೇಗೆ ಕೊಂದರು ಅಂತ ವಿವರವಾಗಿ ಹೇಳಿದರು. ಅಮೆರಿಕದಲ್ಲೇ 1692ರಲ್ಲಿ ಸೇಲಂ ಎಂಬಲ್ಲಿ ಆರೋಪ ಶುರುವಾಗಿ 19 ಜನರನ್ನು ಗಲ್ಲಿಗೆ ಹಾಕಿದ್ದರು. ಅಂಥ ಅತ್ತೆಯ ಅಳಿಯ ಒಳ್ಳೆಯ ಮಾಟಗಾತಿಯನ್ನು ಬರೆದದ್ದು ಸುಮ್ನೆ ಅಲ್ಲ ಅಂತ ನನ್ನ ಅನಿಸಿಕೆ.

ಹಾಗಂತ ಬಾಮ್ ಕೆಟ್ಟವರನ್ನು ಬಿಟ್ಟುಕೊಡಲಿಲ್ಲ. ಅವರು ಮಾಡಿದ್ದನ್ನು ತೋರಿಸುತ್ತಾರೆ. ಪಶ್ಚಿಮದವಳು ವಿಂಕಿಗಳೆಂಬ ಜನರನ್ನು ಜೀತಕ್ಕೆ ಇಟ್ಟುಕೊಂಡಿದ್ದಾಳೆ. ಡೊರೊಥಿ ಮತ್ತು ಅವಳ ಗೆಳೆಯರ ಮೇಲೆ ಮೊದಲು 40 ತೋಳ, ಆಮೇಲೆ 40 ಕಾಗೆ, ಆಮೇಲೆ ಕರಿ ಜೇನು ಬಿಡುತ್ತಾಳೆ. ಹುಡುಗಿ ಕೈಗೆ ಸಿಕ್ಕಮೇಲೆ ಪಾತ್ರೆ ತಿಕ್ಕು, ನೆಲ ಗುಡಿಸು, ಒಲೆಗೆ ಕಟ್ಟಿಗೆ ಹಾಕು. ಕೊನೆಗೆ ಬೆಳ್ಳಿ ಬೂಟಿನ ಆಸೆಗೆ ಕಣ್ಣಿಗೆ ಕಾಣದ ಕಬ್ಬಿಣದ ಸರಳನ್ನು ನೆಲದಲ್ಲಿಟ್ಟು ಹುಡುಗಿಯನ್ನು ಮುಗ್ಗರಿಸಿ ಬೀಳಿಸಿ ಒಂದು ಬೂಟು ಕಿತ್ತುಕೊಳ್ಳುತ್ತಾಳೆ. ಹುಡುಗಿಗೆ ಸಿಟ್ಟು ಬಂದು ಪಕ್ಕದಲ್ಲಿದ್ದ ಬಕೆಟ್ ನೀರು ಎತ್ತಿ ಸುರಿಯುತ್ತಾಳೆ. ಮಾಟಗಾತಿ ಕರಗಿ ಹೋಗುತ್ತಾಳೆ. (ವಾರಕ್ಕೊಮ್ಮೆ ನಳ ಬರುವ ನಮ್ಮ ಓಣಿಯಲ್ಲಿ ಇದ್ದಿದ್ದರೆ ಇನ್ನೂ ಆರಾಮಾಗಿ ಬದುಕಿರುತ್ತಿದ್ದಳು.) ನನಗೆ ಇಷ್ಟವಾದದ್ದು ಅದರ ಮುಂದಿನ ಸಾಲುಗಳು. ಡೊರೊಥಿ ಇನ್ನೊಂದು ಬಕೆಟ್ ನೀರು ತಂದು ಆ ರಾಡಿಯ ಮೇಲೆ ಸುರಿದು, ಬಾಗಿಲಾಚೆ ಗುಡಿಸಿ ಹಾಕಿ, ಬೂಟನ್ನು ತೊಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಕಾಲಿಗೆ ಹಾಕಿಕೊಳ್ಳುತ್ತಾಳೆ. ಯುದ್ಧವಿಲ್ಲ, ಕತ್ತಿಯಿಲ್ಲ. ಮನೆಗೆಲಸದ ನಡುವೆ ಮುಗಿದು ಹೋಯಿತು. ಇನ್ನು ಅವಳನ್ನು ಕೊಂದು ಬಾ ಅಂತ ಕಳಿಸಿದ್ದು ಯಾರು? ಆಝ್‌ನ ಮಹಾ ಮಾಂತ್ರಿಕ. ಅವನೋ ಒಮಾಹಾ ಊರಿನವನು, ಸರ್ಕಸ್ಸಿನಲ್ಲಿ ಬಲೂನು ಏರುತ್ತಿದ್ದವನು, ಒಂದು ಚೂರೂ ಮಾಟ ಬಾರದವನು.

ಮುಖಕ್ಕೂ ಗುಣಕ್ಕೂ ಸಂಬಂಧ ಇಲ್ಲ ಅನ್ನುವುದಕ್ಕೆ 1950ರಲ್ಲಿ ಬಂದ ಸಿ.ಎಸ್. ಲೂಯಿಸ್ ಅವರ ನಾರ್ನಿಯಾ ಎಂಬ ಮಕ್ಕಳ ಕಥೆಯ ಬಿಳಿ ಮಾಟಗಾತಿ ಇದ್ದಾಳೆ, ನೋಡಲು ಬಲು ಚೆಂದ. ಹುಡುಗನಿಗೆ ಸಿಹಿ ತಿನ್ನಿಸಿ ಮರುಳು ಮಾಡುತ್ತಾಳೆ, ಎದುರು ನಿಂತವರನ್ನು ಕಲ್ಲು ಮಾಡುತ್ತಾಳೆ. ಅವಳ ಬಗ್ಗೆ ಇಷ್ಟು ಸಾಕು. ರಷ್ಯಾದ ಬಾಬಾ ಯಾಗಾ ನನಗೆ ಹೆಚ್ಚು ಹತ್ತಿರ. ಕೋಳಿ ಕಾಲಿನ ಮೇಲೆ ನಿಂತ ಗುಡಿಸಲು ಅವಳದು. ಒರಳಿನಲ್ಲಿ ಕೂತು ಒನಕೆಯಿಂದ ತಳ್ಳಿಕೊಂಡು ತಿರುಗುತ್ತಾಳೆ. ಮಲತಾಯಿಯ ಮನೆಯಿಂದ ಬೆಂಕಿ ಕೇಳಿ ಬಂದ ವಸಿಲೀಸಾಳಿಗೆ ಮೈಮುರಿಯುವಷ್ಟು ಕೆಲಸ ಹೇಳುತ್ತಾಳೆ, ಮಾಡದಿದ್ದರೆ ತಿಂದೇ ಬಿಡುತ್ತೇನೆ ಅನ್ನುತ್ತಾಳೆ, ಮಾಡಿ ಮುಗಿಸಿದರೆ ಕೇಳಿದ್ದನ್ನು ಕೊಟ್ಟೇ ಕಳಿಸುತ್ತಾಳೆ. ಇವಳು ಒಳ್ಳೆಯವಳಾ, ಕೆಟ್ಟವಳಾ? ಕಥೆ ಹೇಳುವುದಿಲ್ಲ, ಮಕ್ಕಳೂ ಕೇಳುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಕಲಬುರಗಿ, ಬೀದರ್, ಯಾದಗಿರಿಯವರಿಗೆ ಬಾನಾಮತಿ ಎಂಬ ಮಾಟ ಅಂದರೆ ಏನೆಂದು ನಾನು ಹೇಳಬೇಕಿಲ್ಲ. ಮನೆ ಮೇಲೆ ಕಲ್ಲು ಬಿತ್ತು, ಪೆಟ್ಟಿಗೆಯಲ್ಲಿದ್ದ ಸೀರೆ ಸುಟ್ಟಿತು, ಸೊಸೆ ನಾಯಿಯ ಹಾಗೆ ಬೊಗಳಿದಳು. "ಯಾರೋ ಮಾಡಿಸ್ಯಾರ್ರೀ" ಅನ್ನುತ್ತಾರೆ. ಆಮೇಲೆ ಆ ಯಾರೋ ಯಾರು ಅಂತ ಹುಡುಕುತ್ತಾರೆ. ಬೆರಳು ಯಾರ ಕಡೆ ಹೋಗುತ್ತದೆ? ಒಂಟಿ ಮುದುಕಿ, ಗಂಡ ಸತ್ತವಳು, ಬದುವಿನ ಜಗಳ ಇರುವ ಪಕ್ಕದ ಹೊಲದವರು. ತೆಲಂಗಾಣಕ್ಕೆ ಹತ್ತಿದ ಈ ಸೀಮೆಯಲ್ಲಿ ಹಲ್ಲಿಲ್ಲದಿದ್ದರೆ ಮಂತ್ರ ಸರಿಯಾಗಿ ಹೊರಡುವುದಿಲ್ಲ ಅಂತ ಅಂಥವರ ಹಲ್ಲು ಕಿತ್ತದ್ದೂ ಉಂಟು. ಅಮಾನವೀಯ ಪದ್ಧತಿ ಮತ್ತು ವಾಮಾಚಾರದ ವಿರುದ್ಧ ನಮ್ಮ ರಾಜ್ಯ 2017ರಲ್ಲಿ ಕಾನೂನು ಮಾಡಿತು. ಆದರೆ ಕಟ್ಟೆ ಮೇಲೆ ಕೂತು ಆಡುವ ಪಿಸುಮಾತಿಗೆ ಯಾವ ಪೊಲೀಸರು ಬರುತ್ತಾರೆ ಹೇಳಿ?

ಆಝ್‌ನಲ್ಲಿ ಮಾಟಗಾತಿಯ ಕೆಲಸ ನಾವು ಕಣ್ಣಾರೆ ಓದುತ್ತೇವೆ. ಇಲ್ಲಿ ಕೆಲಸ ಕಾಣುವುದೇ ಇಲ್ಲ, ಬರೀ ಮುಖ. ಅದಕ್ಕೇ ನಾನು ಕಥೆಗಳಿಂದ ಕೆಟ್ಟ ಮಾಟಗಾತಿಯನ್ನು ತೆಗೆಯಿರಿ ಅನ್ನುವವರ ಕಡೆ ಇಲ್ಲ. ಮಕ್ಕಳಿಗೆ ಭಯ ಬೇಕು, ಖುಷಿಯಿಂದ ಹೆದರುತ್ತಾರೆ. ಅವಳು ಮಾಡಿದ್ದನ್ನು ತೋರಿಸುವ ಕಥೆ ಆರಿಸಿ, ಅಷ್ಟೆ.

ಶಿಬಿರದಲ್ಲಿ ಆಝ್ ಓದುವವರು ಡೊರೊಥಿಯ ಗೆಳೆಯ ತಗಡಿನ ಮನುಷ್ಯನ ಕಥೆ ಬಂದಾಗ ಸ್ವಲ್ಪ ನಿಲ್ಲಿಸಿ. ಅವನು ಮೊದಲು ಮರ ಕಡಿಯುವ ಹುಡುಗ. ಒಂದು ಹುಡುಗಿಯನ್ನು ಮದುವೆಯಾಗಬೇಕು ಅಂತಿದ್ದ. ಆ ಹುಡುಗಿಯನ್ನು ಇಟ್ಟುಕೊಂಡಿದ್ದ ಸೋಮಾರಿ ಮುದುಕಿಗೆ, ಇವಳು ಹೋದರೆ ಅಡಿಗೆ ಮಾಡುವವರು ಯಾರು ಅನ್ನುವ ಚಿಂತೆ. ಪೂರ್ವದ ಮಾಟಗಾತಿಯ ಹತ್ತಿರ ಹೋಗಿ, ಮದುವೆ ತಪ್ಪಿಸಿದರೆ ಎರಡು ಕುರಿ, ಒಂದು ಹಸು ಕೊಡುತ್ತೇನೆ ಅಂದಳು. ಕೊಡಲಿಗೆ ಮಾಟ ಬಿತ್ತು. ಅದು ಜಾರಿ ಅವನದೇ ಕಾಲು, ಕೈ, ತಲೆ ಕಡಿಯುತ್ತಾ ಹೋಯಿತು, ತಗಡಿನ ಕೆಲಸ ಮಾಡುವವನೊಬ್ಬ ತಗಡಿನಲ್ಲಿ ಒಂದೊಂದೇ ಅಂಗ ಮಾಡಿ ಕೂಡಿಸುತ್ತಾ ಬಂದ. ಮಾಟಗಾತಿಗೆ ಅವಳ ಪಾಲಿನ ಶಿಕ್ಷೆ ಸಿಕ್ಕಿತು, ಮೇಲೆ ಮನೆಯೇ ಬಿತ್ತು. ಮಾಡಿಸಿದ ಮುದುಕಿಯನ್ನು ಮಾತ್ರ ಯಾರೂ ಕೇಳಲಿಲ್ಲ, ಅವಳನ್ನು ಯಾರೂ ಮಾಟಗಾತಿ ಅನ್ನಲೂ ಇಲ್ಲ. ಇಬ್ಬರಲ್ಲಿ ಜಾಸ್ತಿ ಕೆಟ್ಟವರು ಯಾರು ಅಂತ ಮಕ್ಕಳನ್ನು ಕೇಳಿ ನೋಡಿ. ಜಗಳವಾಡಲಿ, ಮಧ್ಯೆ ಹೋಗಬೇಡಿ.